ಕರೂರಿಗೆ ಕಾರ್ಖಾನೆ ಬರಬೇಕಾದರೆ

ದಾವಣಗೆರೆ ನಮ್ಮ ಕರಾವಳಿಯವರಿಗೆ ದೂರದ ಊರು. ಬೆಣ್ಣೆದೋಸೆ ಬಿಟ್ಟರೆ ಅಲ್ಲಿನ ಸುದ್ದಿ ನಮ್ಮ ಮನೆಗಳಿಗೆ ತಲುಪುವುದು ಕಡಿಮೆ. ಆದರೂ ಈ ವಾರ ಅಲ್ಲಿನ ಕರೂರು ಕೈಗಾರಿಕಾ ಪ್ರದೇಶದ ವಿಷಯ ಎತ್ತಿಕೊಂಡಿದ್ದೇವೆ, ಕಾರಣ ಇದೆ. ಗ್ಯಾರೇಜ್, ಸ್ಪೇರ್ ಪಾರ್ಟ್ಸ್ ಅಂಗಡಿ, ಲಾರಿ, ಟೆಂಪೊ ನಂಬಿ ಬದುಕುವವರು ನಮ್ಮ ಒಂದೊಂದು ಜಮಾಅತ್‌ನಲ್ಲಿ ಎಷ್ಟು ಮಂದಿ ಇದ್ದಾರೆ ಅಂತ ಲೆಕ್ಕ ಹಾಕಿ ನೋಡಿ. ವಾಹನ ತಯಾರಾಗುವ ರೀತಿ ಬದಲಾದರೆ ಅವರ ಅನ್ನದ ದಾರಿಯೂ ಬದಲಾಗುತ್ತದೆ.

2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಹೂಡಿಕೆದಾರರ ಸಮಾವೇಶದಲ್ಲಿ 10.27 ಲಕ್ಷ ಕೋಟಿ ರೂಪಾಯಿಯ ಭರವಸೆ ಸಿಕ್ಕಿದೆ ಎಂದು ಸರಕಾರ ಹೇಳಿತು. ಅದೇ ಹೊತ್ತಿಗೆ 2025-30ರ ಕೈಗಾರಿಕಾ ನೀತಿಯೂ ಬಂತು. ಬೆಂಗಳೂರು ಬಿಟ್ಟು ಹೊರಗಿನ ಜಿಲ್ಲೆಗಳಿಗೆ ಹೋಗುವವರಿಗೆ ಹೆಚ್ಚು ರಿಯಾಯಿತಿ ಅನ್ನುವುದು ಅದರ ತಿರುಳು. ಒಳ್ಳೆಯದೇ. ಆದರೆ ಮಾತುಕತೆ ಮುಗಿದ ಮಾತ್ರಕ್ಕೆ ನಿಕಾಹ್ ಆದ ಹಾಗಲ್ಲ. ಕರೂರಿನಂಥ ಜಾಗಕ್ಕೆ ಇದರಲ್ಲಿ ಬರುವ ಪಾಲೆಷ್ಟು ಅನ್ನುವುದೇ ಪ್ರಶ್ನೆ.

ವಾಹನ, ಯಂತ್ರ ಅಂದರೆ ನಮ್ಮ ರಾಜ್ಯಕ್ಕೆ ಹೊಸತಲ್ಲ. ಮೈಸೂರಿನಲ್ಲಿ ಜಾವಾ, ಯೆಜ್ಡಿ ಬೈಕ್ ತಯಾರಾಗುತ್ತಿತ್ತು. ಬೆಂಗಳೂರಿನಲ್ಲಿ 1953ರಲ್ಲಿ ಎಚ್‌ಎಂಟಿ ಶುರುವಾಯಿತು. ಬಿಡದಿಯಲ್ಲಿ ಟೊಯೋಟಾ ಈಗಲೂ ಇದೆ. ಇವೆಲ್ಲಕ್ಕಿಂತ ಮೊದಲು, 1941ರಲ್ಲೇ, ದಾವಣಗೆರೆಯ ಪಕ್ಕದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಎದ್ದಿತ್ತು. ಅಲ್ಲಿ ತಯಾರಾಗುತ್ತಿದ್ದದ್ದು ಲೇತ್. ಯಂತ್ರಗಳನ್ನೇ ಹೆರುವ ತಾಯಿ ಯಂತ್ರ ಅದು. ಶಾಫ್ಟ್ ಇರಲಿ, ಬುಷ್ ಇರಲಿ, ಕೊನೆಗೆ ಲೇತಿನ ಮೇಲೆ ತಿರುಗಿಯೇ ಬರಬೇಕು. ಆ ಕಾರ್ಖಾನೆ ಹರಿಹರಕ್ಕೆ ಹೆಸರು ಕೊಟ್ಟಿತು, ಸಾವಿರಾರು ಮನೆಗಳಿಗೆ ಒಲೆ ಹಚ್ಚಿತು. ಕಂಪ್ಯೂಟರ್ ಹೇಳಿದಂತೆ ಕೊರೆಯುವ ಸಿಎನ್‌ಸಿ ಯಂತ್ರಗಳು ಬಂದವು, ಹೊರದೇಶದ ಮಾಲಿಗೆ ಬಾಗಿಲು ತೆರೆಯಿತು, ಶತಮಾನ ತಿರುಗುವ ಹೊತ್ತಿಗೆ ಹರಿಹರದ ಗೇಟು ಮುಚ್ಚಿತು. ದಾವಣಗೆರೆಯ ಹತ್ತಿ ಗಿರಣಿಗಳ ಕಥೆಯೂ ಬೇರೆಯಲ್ಲ. ಹೀಗೆ ಮುಚ್ಚಿದಾಗ ಹೋಗುವುದು ಕಟ್ಟಡ ಮಾತ್ರವಲ್ಲ. ಇಪ್ಪತ್ತು ಮೂವತ್ತು ವರ್ಷ ಲೋಹ ಮುಟ್ಟಿ ಪಳಗಿದ ಕೈಗಳು ಚದುರಿ ಹೋಗ್ತವೆ. ಅಂಥವರು ಕಿರಾಣಿ ಅಂಗಡಿ ಇಟ್ಟುಕೊಂಡರೆ ಅವರ ವಿದ್ಯೆ ಮಗನಿಗೆ ಇಳಿಯುವುದಿಲ್ಲ.

ಈಗ ಸರಕಾರಗಳು ಕರೆಯುತ್ತಿರುವುದು ಬ್ಯಾಟರಿ, ಮೋಟಾರ್, ಸೆನ್ಸರ್, ರೋಬೋಟ್ ಕಂಪೆನಿಗಳನ್ನು. ವಿದ್ಯುತ್ ವಾಹನಕ್ಕೆ ದೇಶದಲ್ಲೇ ಮೊದಲು ನೀತಿ ಮಾಡಿದ್ದು ಕರ್ನಾಟಕ, 2017ರಲ್ಲಿ. ಆದರೆ ಆದದ್ದೇನು? ಏಥರ್, ಓಲಾ ಎರಡೂ ಬೆಂಗಳೂರಿನ ಕಂಪೆನಿಗಳು, ಸ್ಕೂಟರ್ ತಯಾರಾಗುವುದು ಮಾತ್ರ ತಮಿಳುನಾಡಿನಲ್ಲಿ! ಒಂದರದ್ದು ಹೊಸೂರು, ಇನ್ನೊಂದರದ್ದು ಕೃಷ್ಣಗಿರಿ ಜಿಲ್ಲೆಯ ಪೋಚಂಪಳ್ಳಿ. ತಲೆ ನಮ್ಮಲ್ಲಿ, ಕೈ ಅಲ್ಲಿ. ಜಾಗ, ರಿಯಾಯಿತಿ ಅಲ್ಲೂ ಕೊಟ್ಟಿದ್ದಾರೆ, ನಿಜ. ಅದರ ಜೊತೆಗೆ ಹೊಸೂರಿನಲ್ಲಿ ದಶಕಗಳಿಂದ ವಾಹನದ ಬಿಡಿಭಾಗ ಮಾಡುವ ಸಣ್ಣ ಘಟಕಗಳಿವೆ, ಕೆಲಸ ಬಲ್ಲ ಜನ ಇದ್ದಾರೆ. ದೊಡ್ಡ ಕಾರ್ಖಾನೆ ಒಂಟಿಯಾಗಿ ಬದುಕುವುದಿಲ್ಲ. ಅದಕ್ಕೆ ಸುತ್ತಮುತ್ತ ನೂರು ಸಣ್ಣ ಶೆಡ್ ಬೇಕು.

ಕರೂರು ಆ ನೂರು ಶೆಡ್‌ಗಳ ಊರಾಗಬಹುದು ಎಂದು ನಮಗೆ ಅನ್ನಿಸುತ್ತದೆ. ಬೆಂಗಳೂರು-ಪುಣೆ ಹೆದ್ದಾರಿ ಇದೆ, ರೈಲು ಇದೆ, 1951ರಷ್ಟು ಹಳೆಯ ಎಂಜಿನಿಯರಿಂಗ್ ಕಾಲೇಜು ದಾವಣಗೆರೆಯಲ್ಲೇ ಇದೆ. ಬಂದರು ದೂರ ಅನ್ನುವುದು ದೊಡ್ಡ ಕೊರತೆ. ಪಣಂಬೂರಿಗೆ ಮಾಲು ತರೋಣ ಅಂದರೆ ಆಗುಂಬೆಯಲ್ಲಿ ಭಾರೀ ವಾಹನಕ್ಕೆ ಬಿಡುವುದಿಲ್ಲ, ಶಿರಾಡಿ ಮಳೆಗಾಲದಲ್ಲಿ ಎಲ್ಲಿ ಕುಸಿಯುತ್ತದೋ ಹೇಳಲಿಕ್ಕಾಗದು. ಘಾಟಿ ರಸ್ತೆ ನೆಟ್ಟಗಾದರೆ ಅಲ್ಲಿನ ಶೆಡ್‌ಗೂ ಲಾಭ, ನಮ್ಮ ಲಾರಿಯವರಿಗೂ ಲಾಭ.

ಆದರೆ ರಸ್ತೆಗಿಂತ ಮೊದಲು ಕೈ ಬೇಕು. ಸರಕಾರ ಎಕರೆ ಎಷ್ಟು, ಸಬ್ಸಿಡಿ ಎಷ್ಟು ಅಂತ ಹೇಳಿದಷ್ಟು ಜೋರಾಗಿ, ಯಂತ್ರದ ಮುಂದೆ ನಿಲ್ಲುವವನು ಯಾರು ಅಂತ ಹೇಳುವುದಿಲ್ಲ. ಈ ಹೊಸ ಕೆಲಸದಲ್ಲಿ ಅಳತೆ ಮೈಕ್ರಾನ್‌ನಲ್ಲಿ, ಅಂದರೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದಲ್ಲಿ. ಕಣ್ಣಂದಾಜಿಗೆ ಅಲ್ಲಿ ಜಾಗವಿಲ್ಲ. ದಾವೂದ್ ನೆಬಿ ಅಲೈಹಿಸ್ಸಲಾಮರಿಗೆ ಅಲ್ಲಾಹನು ಕಬ್ಬಿಣವನ್ನು ಮೃದು ಮಾಡಿಕೊಟ್ಟ ವಿಷಯ ಮದ್ರಸದ ಮಕ್ಕಳಿಗೂ ಗೊತ್ತು. ಆದರೆ ಕವಚದ ಕೊಂಡಿಗಳನ್ನು ಸರಿಯಾದ ಅಳತೆಯಲ್ಲಿ ಮಾಡಬೇಕೆಂಬ ಆಜ್ಞೆಯೂ ಸೂರಾ ಸಬಅ್‌ನಲ್ಲಿ ಅದರ ಜೊತೆಗೇ ಇದೆ, ಅದನ್ನು ನಾವು ಅಷ್ಟು ಒತ್ತಿ ಹೇಳುವುದಿಲ್ಲ. ತಪ್ಪು ನಮ್ಮದೂ ಹೌದು.

ನಮ್ಮ ಹುಡುಗರು ಎಸೆಸೆಲ್ಸಿ ಮುಗಿದ ಕೂಡಲೇ ಪಾಸ್‌ಪೋರ್ಟ್ ಮಾಡಿಸ್ತಾರೆ, ಇಲ್ಲವೇ ಯಾವುದಾದರೂ ಗ್ಯಾರೇಜಿಗೆ ಸೇರುತ್ತಾರೆ. ವಿದ್ಯುತ್ ವಾಹನದಲ್ಲಿ ಪಿಸ್ಟನ್ ಇಲ್ಲ, ಕಾರ್ಬ್ಯುರೇಟರ್ ಇಲ್ಲ, ಸೈಲೆನ್ಸರ್ ಇಲ್ಲ. ಇವತ್ತು ಎಂಜಿನ್ ಬಿಚ್ಚಲು ಕಲಿತ ಹದಿನಾರರ ಹುಡುಗನಿಗೆ ನಲವತ್ತಾದಾಗ ಬಿಚ್ಚಲು ಏನು ಉಳಿದಿರುತ್ತದೆ? ಗಲ್ಫಿನಲ್ಲೂ ಈಗ ಊರವರಿಗೇ ಮೊದಲು ಕೆಲಸ ಅನ್ನುವ ಕಾನೂನು ಬಿಗಿಯಾಗ್ತಾ ಇದೆ.

ಇದಕ್ಕೆ ಬಾಗಿಲು ಇಲ್ಲದೆ ಇಲ್ಲ. ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಹರಿಹರದಲ್ಲೂ ಇದೆ, ನಮ್ಮ ಬೈಕಂಪಾಡಿಯಲ್ಲೂ ಇದೆ. ಎಸೆಸೆಲ್ಸಿ ಪಾಸಾದವರು ಅಲ್ಲಿ ಟೂಲ್ ಆಂಡ್ ಡೈ ಡಿಪ್ಲೊಮಾ ಕಲಿಯಬಹುದು. ಮೂರು ವರ್ಷ ತರಗತಿ, ಮತ್ತೊಂದು ವರ್ಷ ಕಾರ್ಖಾನೆಯೊಳಗೇ ತರಬೇತಿ. ಬಿಡದಿಯ ಟೊಯೋಟಾ ತರಬೇತಿ ಸಂಸ್ಥೆಯೂ ಹತ್ತನೇ ತರಗತಿ ಮುಗಿಸಿದ ಹಳ್ಳಿ ಮಕ್ಕಳನ್ನು ತೆಗೆದುಕೊಳ್ಳುತ್ತದೆ. ನಾಲ್ಕು ವರ್ಷ ಸಂಬಳವಿಲ್ಲದೆ ಕೂರಬೇಕಲ್ಲ ಅಂತ ಉಮ್ಮಂದಿರು ಕೇಳುತ್ತಾರೆ. ನ್ಯಾಯವಾದ ಮಾತೇ, ಮನೆ ನಡೆಯಬೇಕು. ಮದುವೆಗೆ, ಮಸೀದಿಯ ಮಿನಾರಕ್ಕೆ ಕೈ ಬಿಚ್ಚುವ ಜಮಾಅತ್‌ಗಳು ಊರಿಗೆ ಇಬ್ಬರ ಫೀಸನ್ನು ಹೊತ್ತರೆ ಆ ಚಿಂತೆ ಅರ್ಧ ಇಳಿಯುತ್ತದೆ. ಜಿಟಿಟಿಸಿಯ ಅರ್ಜಿ ಎಸೆಸೆಲ್ಸಿ ಫಲಿತಾಂಶದ ಬೆನ್ನಿಗೇ ಕರೆಯುತ್ತಾರೆ. ಹುಡುಗಿಯರಿಗೂ ಅಲ್ಲಿ ಅವಕಾಶ ಇದೆ.