ಮನೆಯ ನಕ್ಷೆಯೂ ನೆರೆಯ ಲೆಕ್ಕವೂ

ಮನೆ ಕಟ್ಟಲು ಪರವಾನಗಿ ಬೇಡುವವನು ಅರ್ಜಿಯೊಡನೆ ಹಕ್ಕುಪತ್ರ, ಕಟ್ಟಡದ ನಕ್ಷೆ, ತೆರಿಗೆಯ ರಸೀದಿ ಮುಂತಾದುವನ್ನು ಲಗತ್ತಿಸುತ್ತಾನೆ. ಆ ನಿವೇಶನಕ್ಕೆ ನೆರೆಯ ಭಯವುಂಟೆ, ಉಂಟಾದರೆ ಎಷ್ಟು ಎಂಬ ಲೆಕ್ಕವೂ ಅವುಗಳ ಜೊತೆಯಲ್ಲಿರತಕ್ಕದ್ದೆಂದು ನಾವು ಭಾವಿಸುತ್ತೇವೆ.

‘ನೂರು ವರ್ಷದ ನೆರೆ’ ಎಂಬ ಮಾತು ಇಂಜಿನಿಯರುಗಳಲ್ಲಿ ರೂಢಿಯಾಗಿದೆ. ಜನರನ್ನು ಇಷ್ಟೊಂದು ದಾರಿ ತಪ್ಪಿಸುವ ಪಾರಿಭಾಷಿಕ ಪದ ಮತ್ತೊಂದಿರಲಾರದು. ಒಮ್ಮೆ ಬಂದುಹೋದರೆ ಇನ್ನು ನೂರು ವರ್ಷ ನಿಶ್ಚಿಂತೆ ಎಂದು ಕೇಳಿದವರು ತಿಳಿಯುತ್ತಾರೆ. ಅಷ್ಟು ದೊಡ್ಡ ನೆರೆ ಯಾವುದೇ ಒಂದು ವರ್ಷದಲ್ಲಿ ಬರುವ ಸಂಭವನೀಯತೆ ನೂರರಲ್ಲಿ ಒಂದು ಎಂಬುದಷ್ಟೇ ಅದರ ನಿಜವಾದ ಅರ್ಥ. ಕಳೆದ ವರ್ಷ ಬಂದಿತೆಂಬುದು ಈ ವರ್ಷಕ್ಕೆ ರಕ್ಷೆಯಲ್ಲ. ಒಂದು ವರ್ಷ ಬಾರದಿರುವ ಸಂಭವನೀಯತೆ 0.99. ಮೂವತ್ತು ವರ್ಷವೂ ಬಾರದಿರಬೇಕಾದರೆ ಮೂವತ್ತು 0.99ಗಳನ್ನು ಒಂದಕ್ಕೊಂದು ಗುಣಿಸಬೇಕು. ವಿದ್ಯಾರ್ಥಿಗಳು ತಾವೇ ಮಾಡಿ ನೋಡಲಿ: ಸುಮಾರು 0.74 ಬರುತ್ತದೆ. ಎಂದರೆ, ಮನೆಯ ಸಾಲ ತೀರುವಷ್ಟರಲ್ಲಿ ಒಮ್ಮೆಯಾದರೂ ನೀರು ನುಗ್ಗುವ ಸಂಭವ ನಾಲ್ಕರಲ್ಲಿ ಒಂದು!

ಇಂಗ್ಲೆಂಡಿನಲ್ಲಿ ಭೂಮಿಯನ್ನು ಈ ಸಂಭವನೀಯತೆಗೆ ಅನುಸಾರವಾಗಿಯೇ ವಲಯಗಳಾಗಿ ವಿಂಗಡಿಸಿದ್ದಾರೆ. ನದಿಯ ನೆರೆ ವರ್ಷಕ್ಕೆ ನೂರರಲ್ಲಿ ಒಂದು ಪಾಲು ಅಥವಾ ಅದಕ್ಕೂ ಹೆಚ್ಚಾಗಿ ಸಂಭವಿಸಬಹುದಾದ ಭೂಮಿ ಮೂರನೆಯ ವಲಯಕ್ಕೆ ಸೇರುತ್ತದೆ. ಅಲ್ಲಿ ಕಟ್ಟಬಯಸುವವನು ನೆರೆಯ ಅಪಾಯದ ವರದಿಯನ್ನು ಅರ್ಜಿಯೊಡನೆ ಒಪ್ಪಿಸಬೇಕು. ತನ್ನ ಕಟ್ಟಡದಿಂದ ಬೇರೆಡೆ ನೆರೆಯ ಅಪಾಯ ಹೆಚ್ಚದೆಂದೂ ತೋರಿಸಬೇಕು.

ಈ ಎರಡನೆಯ ಷರತ್ತೇ ನಮಗೆ ಹೆಚ್ಚು ಮುಖ್ಯವೆನಿಸುತ್ತದೆ. ಮೂವತ್ತು-ನಲವತ್ತು ಅಡಿಯ ನಿವೇಶನದ ಮೇಲೆ 50 ಮಿಲಿಮೀಟರು ಮಳೆ ಬಿದ್ದರೆ ಐದೂವರೆ ಸಾವಿರ ಲೀಟರು ನೀರಾಗುತ್ತದೆ. ಬಯಲಾಗಿದ್ದಾಗ ಅದರಲ್ಲೊಂದು ಪಾಲನ್ನು ಮಣ್ಣು ಕುಡಿಯುತ್ತಿತ್ತು. ತಾರಸಿಯೂ ಕಾಂಕ್ರೀಟಿನ ಅಂಗಳವೂ ಬಂದ ಮೇಲೆ ಹೆಚ್ಚುಕಡಿಮೆ ಅಷ್ಟೂ ಚರಂಡಿಗೆ, ಅಲ್ಲಿಂದ ತಗ್ಗಿನವನ ಹೊಸ್ತಿಲಿಗೆ.

ದೊಡ್ಡ ನದಿಯಿಲ್ಲದ, ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವ ಬೆಂಗಳೂರಿಗೆ ನೆರೆಯೆಲ್ಲಿಯದು ಎಂದು ಕೇಳುವವರಿದ್ದರು. 2022ರ ಸೆಪ್ಟೆಂಬರಿನಲ್ಲಿ ನಗರದ ಪೂರ್ವಭಾಗದ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರುಗಳಲ್ಲಿ ಹೊರತರಬೇಕಾಯಿತು. ಒಂದು ಕೆರೆಯ ಕೋಡಿಯ ನೀರು ರಾಜಕಾಲುವೆಯಿಂದ ಮುಂದಿನ ಕೆರೆಗೆ ಇಳಿಯುವಂತೆ ಹಿರಿಯರು ಹೆಣೆದಿದ್ದ ಸರಪಳಿ ಅಲ್ಲಲ್ಲಿ ತುಂಡಾಗಿತ್ತು.

ಕೆರೆಯಿಂದ 75 ಮೀಟರು ಬಿಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ವಿಧಿಸಿತು. ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಅದನ್ನು ರದ್ದುಪಡಿಸಿತು. ಎಷ್ಟು ಮೀಟರೆಂಬ ವ್ಯಾಜ್ಯದಿಂದ ನಿವೇಶನದ ಮಟ್ಟವೇನೂ ತಿಳಿಯದು. ನೀರು ಅಳತೆಪಟ್ಟಿ ಹಿಡಿದು ಹರಿಯುವುದಿಲ್ಲ, ತಗ್ಗನ್ನು ಹುಡುಕಿ ಹರಿಯುತ್ತದೆ.

ಇದರಿಂದ ಖರ್ಚು ಹೆಚ್ಚುವುದೆಂಬ ಆಕ್ಷೇಪಣೆಯುಂಟು. ಸಣ್ಣ ಮನೆಯವನ ಮೇಲೆ ಆ ಹೊರೆ ಹೊರಿಸಬೇಕಾದ್ದಿಲ್ಲ. ವಲಯಗಳ ನಕ್ಷೆಯನ್ನು ಸರ್ಕಾರವೇ ಸಿದ್ಧಪಡಿಸಿ ಪ್ರಕಟಿಸಲಿ. ದೊಡ್ಡ ಬಡಾವಣೆಗಳ ವರದಿಯನ್ನಂತೂ ಅರ್ಜಿದಾರನಿಂದ ಸಂಬಳ ಪಡೆಯದ ತಜ್ಞರು ಪರೀಕ್ಷಿಸಬೇಕು. ಕೆರೆ-ಕಾಲುವೆಗಳನ್ನು ಗುರುತಿಸಿರುವ ಹಳೆಯ ಗ್ರಾಮನಕಾಶೆಗಳು ಇದ್ದೇ ಇವೆ. ಕೆಲಸವನ್ನು ಅಲ್ಲಿಂದಲೇ ಆರಂಭಿಸಬಹುದು.