ತೀರ್ಪುಗಾರರ ಪೀಠದಲ್ಲಿ ಕುಳಿತವರು ಯಾರು?

ಅನ್ಯಾಯದ ಕಥೆಯೊಂದನ್ನು ಓದುವಾಗ ನಮ್ಮ ಮನಸ್ಸು ಸಹಜವಾಗಿಯೇ ಅನ್ಯಾಯಕ್ಕೆ ಗುರಿಯಾದವನ ಪಕ್ಕದಲ್ಲಿ ಹೋಗಿ ನಿಲ್ಲುತ್ತದೆ. ಆತನ ಸಂಕಟ ನಮ್ಮದಾಗುತ್ತದೆ. ಪುಸ್ತಕವನ್ನು ಮುಚ್ಚಿಡುವಾಗ ನಾವು ನ್ಯಾಯದ ಪರವಾಗಿದ್ದೇವೆ ಎಂಬ ಸಮಾಧಾನವೂ ದೊರೆಯುತ್ತದೆ. ಆದರೆ ಆ ಅನ್ಯಾಯವನ್ನು ಎಸಗಿದವರು ಕೂಡ ತಮ್ಮನ್ನು ಸಜ್ಜನರೆಂದೇ ತಿಳಿದಿದ್ದರು, ಅವರೂ ಪ್ರಾರ್ಥನೆ ಸಲ್ಲಿಸುತ್ತಿದ್ದರು, ಮಕ್ಕಳಿಗೆ ಸತ್ಯವಂತರಾಗಿರಿ ಎಂದು ಬೋಧಿಸುತ್ತಿದ್ದರು ಎಂಬ ಸಂಗತಿಯನ್ನು ನಾವು ಸುಲಭವಾಗಿ ಮರೆತುಬಿಡುತ್ತೇವೆ. ಈ ಮರೆವಿಗೆ ಅವಕಾಶ ಕೊಡದ ಕೃತಿಗಳಲ್ಲಿ ಅಮೆರಿಕದ ಲೇಖಕಿ ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿಯೂ ಒಂದು.

1960ರಲ್ಲಿ ಪ್ರಕಟವಾದ ಈ ಕೃತಿಗೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಲಭಿಸಿತು. 1962ರಲ್ಲಿ ಅದು ಚಲನಚಿತ್ರವಾಯಿತು. ಲೇಖಕಿ ಹುಟ್ಟಿ ಬೆಳೆದದ್ದು ಅಲಬಾಮಾ ರಾಜ್ಯದ ಮನ್ರೋವಿಲ್ ಎಂಬ ಸಣ್ಣ ಪಟ್ಟಣದಲ್ಲಿ. ಅವರ ತಂದೆ ವಕೀಲರಾಗಿದ್ದರು. ವೃತ್ತಿಯ ಆರಂಭದ ದಿನಗಳಲ್ಲಿ ಅವರು ಇಬ್ಬರು ಕಪ್ಪುವರ್ಣೀಯ ಆರೋಪಿಗಳ ಪರವಾಗಿ ವಾದಿಸಿ ಸೋತಿದ್ದರು. ಆ ಇಬ್ಬರೂ ನೇಣಿಗೇರಿದರು. ಹಾರ್ಪರ್ ಲೀ ಇನ್ನೂ ಐದು ವರ್ಷ ತುಂಬದ ಬಾಲಕಿಯಾಗಿದ್ದಾಗ, 1931ರಲ್ಲಿ, ಅದೇ ಅಲಬಾಮಾದ ಸ್ಕಾಟ್ಸ್‌ಬರೋದಲ್ಲಿ ಒಂಬತ್ತು ಮಂದಿ ಕಪ್ಪುವರ್ಣೀಯ ಹುಡುಗರ ಮೇಲೆ ಇಬ್ಬರು ಬಿಳಿಯ ಯುವತಿಯರು ಅತ್ಯಾಚಾರದ ಸುಳ್ಳು ಆರೋಪ ಹೊರಿಸಿದರು. ಬಿಳಿಯರೇ ತುಂಬಿದ್ದ ತೀರ್ಪುಗಾರರ ಮಂಡಳಿಗಳು ಎಂಟು ಮಂದಿಗೆ ಮರಣದಂಡನೆಯನ್ನೇ ಸೂಚಿಸಿದವು. ಕಾದಂಬರಿ ಹುಟ್ಟಿದ್ದು ಇಂತಹ ನೆಲದಲ್ಲಿ.

ಕಥೆಯನ್ನು ಹೇಳುವವಳು ಸ್ಕೌಟ್ ಎಂಬ ಬಾಲಕಿ. ತಾಯಿ ಇಲ್ಲದ ಆಕೆಯನ್ನೂ ಆಕೆಯ ಅಣ್ಣ ಜೆಮ್‌ನನ್ನೂ ಸಾಕುತ್ತಿರುವವರು ತಂದೆ ಆಟಿಕಸ್ ಫಿಂಚ್ ಮತ್ತು ಮನೆಗೆಲಸದ ಕಪ್ಪು ಮಹಿಳೆ ಕ್ಯಾಲ್ಪರ್ನಿಯಾ. ಮೇಕೂಂಬ್ ಎಂಬ ಆ ಊರಿನಲ್ಲಿ ಟಾಮ್ ರಾಬಿನ್ಸನ್ ಎಂಬ ಕಪ್ಪು ಕೂಲಿಕಾರನ ಮೇಲೆ ಮೆಯೆಲಾ ಎಂಬ ಬಿಳಿಯ ಯುವತಿಯನ್ನು ಕೆಡಿಸಿದನೆಂಬ ಆರೋಪ ಬರುತ್ತದೆ. ಆತನ ಪರ ವಾದಿಸುವ ಹೊಣೆಯನ್ನು ನ್ಯಾಯಾಧೀಶರು ಆಟಿಕಸ್‌ಗೆ ವಹಿಸುತ್ತಾರೆ. ವಿಚಾರಣೆಯಲ್ಲಿ ಸತ್ಯವು ಹಗಲಿನಷ್ಟು ಸ್ಪಷ್ಟವಾಗುತ್ತದೆ. ಯುವತಿಗೆ ಪೆಟ್ಟು ಬಿದ್ದಿರುವುದು ಮುಖದ ಬಲಭಾಗಕ್ಕೆ, ಅಂದರೆ ಎಡಗೈಯವನಿಂದ. ಟಾಮ್‌ನ ಎಡಗೈ ಬಾಲ್ಯದಲ್ಲೇ ಹತ್ತಿ ಬಿಡಿಸುವ ಯಂತ್ರಕ್ಕೆ ಸಿಲುಕಿ ನಿರುಪಯುಕ್ತವಾಗಿದೆ. ಎಡಗೈಯಲ್ಲಿ ಬರೆಯುವವನು ಯುವತಿಯ ತಂದೆ ಬಾಬ್ ಯೂವೆಲ್. ಆದರೂ ತೀರ್ಪು ಟಾಮ್‌ನ ವಿರುದ್ಧವೇ ಬರುತ್ತದೆ. ಮುಂದೆ ಸೆರೆಮನೆಯಿಂದ ತಪ್ಪಿಸಿಕೊಳ್ಳಲು ಯತ್ನಿಸಿದಾಗ ಕಾವಲುಗಾರರ ಗುಂಡುಗಳಿಗೆ ಆತ ಬಲಿಯಾಗುತ್ತಾನೆ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಬಾಬ್ ಯೂವೆಲ್ ಊರಿನವರ ಗೌರವಕ್ಕೆ ಪಾತ್ರನಾದವನಲ್ಲ. ಆತ ಕುಡುಕ, ಸೋಮಾರಿ, ಕಸದ ರಾಶಿಯ ಪಕ್ಕದಲ್ಲಿ ವಾಸಿಸುವವನು. ಊರಿನ ಸಭ್ಯರು ಆತನನ್ನು ಮನೆಯೊಳಗೆ ಕರೆಯುವವರಲ್ಲ. ಟಾಮ್ ದುಡಿಮೆಗಾರ, ಸಂಸಾರಸ್ಥ. ಕೂಲಿಯನ್ನೂ ಪಡೆಯದೆ ಆ ಯುವತಿಗೆ ನೆರವಾದವನು. ಇಬ್ಬರಲ್ಲಿ ಯಾರು ನಂಬಿಕೆಗೆ ಅರ್ಹರೆಂಬುದು ತೀರ್ಪುಗಾರರಿಗೆ ತಿಳಿಯದ ವಿಷಯವೇನೂ ಆಗಿರಲಿಲ್ಲ. ಆದರೆ ಯೂವೆಲ್ ‘ನಮ್ಮವನು’, ಟಾಮ್ ‘ಅವರವನು’. ಅಷ್ಟೇ ಸಾಕಾಯಿತು. ಪೂರ್ವಗ್ರಹವೆಂದರೆ ಕೇವಲ ಅಜ್ಞಾನವಲ್ಲ. ತಿಳಿದ ಸತ್ಯವನ್ನು ತನ್ನವರಿಗಾಗಿ ಅದುಮಿಡುವುದೇ ಅದರ ಅತ್ಯಂತ ಘೋರ ರೂಪ ಎಂಬುದನ್ನು ಈ ಕಾದಂಬರಿ ತೋರಿಸಿಕೊಡುತ್ತದೆ.

ಇಸ್ಲಾಮ್ ಈ ರೋಗವನ್ನು ‘ಅಸಬಿಯ್ಯತ್’ ಎಂದು ಗುರುತಿಸಿದೆ. ತನ್ನ ಜನರನ್ನು ಪ್ರೀತಿಸುವುದು ಅಸಬಿಯ್ಯತ್ತೇ ಎಂದು ಕೇಳಲಾದಾಗ ಪ್ರವಾದಿ(ಸ)ರು ಅಲ್ಲವೆಂದರು. ಅನ್ಯಾಯದಲ್ಲಿ ತನ್ನ ಜನರಿಗೆ ನೆರವಾಗುವುದೇ ಅಸಬಿಯ್ಯತ್ ಎಂದು ವಿವರಿಸಿದರು. ಸೂರಃ ಅನ್ನಿಸಾದ 105ನೇ ಸೂಕ್ತದಿಂದ ಆರಂಭವಾಗುವ ವಚನಗಳ ಹಿನ್ನೆಲೆಯನ್ನು ಅನೇಕ ಮುಫಸ್ಸಿರರು ಹೀಗೆ ವಿವರಿಸಿದ್ದಾರೆ: ಮದೀನಾದಲ್ಲಿ ಮುಸ್ಲಿಮನೆನಿಸಿಕೊಂಡಿದ್ದ ಒಬ್ಬಾತ ಕವಚವೊಂದನ್ನು ಕದ್ದು, ಸಿಕ್ಕಿಬೀಳುವ ಭಯದಿಂದ ಅದನ್ನು ಒಬ್ಬ ಯಹೂದಿಯ ಮನೆ ಸೇರಿಸಿ ಆರೋಪವನ್ನು ಆತನ ಮೇಲೆ ಹೊರಿಸಿದ. ಆತನ ಕುಲದವರು ಗುಂಪಾಗಿ ಬಂದು ತಮ್ಮವನ ಪರವಾಗಿ ವಾದಿಸಿದರು. ಕುಲದ ಮಾನದ ಪ್ರಶ್ನೆ ಒಂದೆಡೆ, ಒಂಟಿಯಾದ ಯಹೂದಿ ಇನ್ನೊಂದೆಡೆ. ಆಗ ಆಕಾಶದಿಂದ ಅವತೀರ್ಣವಾದ ವಚನಗಳು ಆ ಯಹೂದಿಯನ್ನು ನಿರಪರಾಧಿಯೆಂದು ಸಾರಿದವು. ವಂಚಕರ ಪರವಾಗಿ ವಾದಿಸಬಾರದೆಂದು ಆಜ್ಞಾಪಿಸಿದವು. ತಾನೇ ಪಾಪವೆಸಗಿ ಅದನ್ನು ನಿರ್ದೋಷಿಯ ಮೇಲೆ ಹಾಕುವವನ ಹೊರೆ ಎಷ್ಟು ಭಾರವಾದುದೆಂದು ಎಚ್ಚರಿಸಿದವು. ಅದೇ ಅಧ್ಯಾಯದ 135ನೇ ಸೂಕ್ತ ಇನ್ನೂ ಮುಂದೆ ಹೋಗಿ, ನಮ್ಮ ವಿರುದ್ಧವೇ ಆಗಲಿ, ತಂದೆತಾಯಿಯರ ಹಾಗೂ ಬಂಧುಗಳ ವಿರುದ್ಧವೇ ಆಗಲಿ, ಅಲ್ಲಾಹನಿಗಾಗಿ ಸತ್ಯದ ಸಾಕ್ಷಿಗಳಾಗಿ ನಿಲ್ಲಬೇಕೆಂದು ವಿಧಿಸುತ್ತದೆ.

ಈ ಬೆಳಕಿನಲ್ಲಿ ನೋಡಿದಾಗ ಕಾದಂಬರಿ ನಮ್ಮನ್ನು ಕೇಳುವ ಪ್ರಶ್ನೆ ಬೇರೆಯೇ ಆಗುತ್ತದೆ. ಈ ದೇಶದ ಮುಸ್ಲಿಮ್ ಓದುಗರು ಟಾಮ್ ರಾಬಿನ್ಸನ್‌ನಲ್ಲಿ ತಮ್ಮನ್ನು ಕಂಡುಕೊಳ್ಳುವುದು ಸಹಜ. ಹೆಸರನ್ನು ಕೇಳಿದೊಡನೆ ಬಾಡಿಗೆ ಮನೆ ಇಲ್ಲವೆನ್ನುವುದನ್ನೂ, ಯಾವನೋ ಒಬ್ಬನ ಅಪರಾಧಕ್ಕೆ ಇಡೀ ಸಮುದಾಯ ಉತ್ತರ ಹೇಳಬೇಕಾಗುವುದನ್ನೂ ಬಲ್ಲವರಿಗೆ ಆ ಕಟಕಟೆ ಅಪರಿಚಿತವಲ್ಲ. ಆ ನೋವು ನಿಜವಾದುದು, ಅದನ್ನು ಹೇಳಿಕೊಳ್ಳುವ ಹಕ್ಕೂ ನಮಗಿದೆ. ಆದರೆ ಕಟಕಟೆಯಲ್ಲಿ ನಿಂತವನಿಗೆ ಬೇರೊಂದು ವೇಳೆ ತೀರ್ಪುಗಾರರ ಪೀಠವೂ ದೊರೆಯುತ್ತದೆ. ಅಲ್ಲಿ ಕುಳಿತಾಗ ಆತ ಏನು ಮಾಡುತ್ತಾನೆ ಎಂಬುದರಲ್ಲಿ ಆತನ ಈಮಾನಿನ ಪರೀಕ್ಷೆಯಿದೆ.

ಅರಬನಿಗೆ ಅರಬೇತರನ ಮೇಲಾಗಲಿ, ಬಿಳಿಯನಿಗೆ ಕರಿಯನ ಮೇಲಾಗಲಿ ಧರ್ಮನಿಷ್ಠೆಯ ಹೊರತು ಶ್ರೇಷ್ಠತೆಯಿಲ್ಲವೆಂಬ ಪ್ರವಾದಿ(ಸ)ರ ಘೋಷಣೆಯನ್ನು ನಾವು ವೇದಿಕೆಗಳಲ್ಲಿ ಅಭಿಮಾನದಿಂದ ಉಲ್ಲೇಖಿಸುತ್ತೇವೆ. ಅದೇ ನಾವು ಮನೆಗೆ ಬಂದು ಮಗನಿಗೆ ಹೆಣ್ಣು ಹುಡುಕುವಾಗ ಮೊದಲು ಕೇಳುವುದು ಹುಡುಗಿಯ ಬಣ್ಣವನ್ನು. ಪಿಂಜಾರರ, ನದಾಫರ, ಛಪ್ಪರ್‌ಬಂದರ ಮನೆಯಿಂದ ಸಂಬಂಧ ಬಂದರೆ ‘ಖಾನ್‌ದಾನ್’ ಸರಿಹೊಂದುವುದಿಲ್ಲ ಎನ್ನುತ್ತೇವೆ. ಒಂದೇ ಸಫ್‌ನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತವರು ಮದುವೆಯ ಮಾತು ಬಂದೊಡನೆ ದೂರ ಸರಿಯುತ್ತಾರೆ. ಮೊಹಲ್ಲಾದಲ್ಲಿ ಸೈಕಲ್ ಒಂದು ಕಳುವಾದರೆ ಪರರಾಜ್ಯದಿಂದ ಕೂಲಿಗೆ ಬಂದವನತ್ತ ಮೊದಲು ಬೆರಳು ತೋರಿಸುತ್ತೇವೆ. ನಮ್ಮವನೊಬ್ಬ ಹೆಂಡತಿಯನ್ನು ಹೊಡೆದು ಹೊರಗಟ್ಟಿದರೆ, ಅಥವಾ ಬೇರೆ ಧರ್ಮದ ವ್ಯಾಪಾರಿಗೆ ಮೋಸಮಾಡಿದರೆ, ಸಮುದಾಯದ ಮಾನದ ಹೆಸರಿನಲ್ಲಿ ಅದನ್ನು ಮುಚ್ಚಿಹಾಕುವ ಸಲಹೆ ಹಿರಿಯರಿಂದಲೇ ಬರುತ್ತದೆ. ಸಹೋದರನು ಮರ್ದಕನಾಗಿದ್ದರೂ ಆತನಿಗೆ ನೆರವಾಗಬೇಕೆಂದ ಪ್ರವಾದಿ(ಸ)ರು, ಮರ್ದಕನಿಗೆ ನೆರವಾಗುವುದೆಂದರೆ ಆತನ ಕೈಯನ್ನು ತಡೆಯುವುದು ಎಂದೂ ಸ್ಪಷ್ಟಪಡಿಸಿದ್ದಾರೆ. ನಾವು ಮೊದಲ ಭಾಗವನ್ನಷ್ಟೇ ನೆನಪಿಟ್ಟುಕೊಂಡಿದ್ದೇವೆ.

ಪೂರ್ವಗ್ರಹವು ಕೆಟ್ಟವರಲ್ಲಿ ಮಾತ್ರ ಇರುತ್ತದೆ ಎಂದು ಭಾವಿಸುವುದೂ ತಪ್ಪು. ಕಾದಂಬರಿಯಲ್ಲಿ ಮಿಸ್ ಗೇಟ್ಸ್ ಎಂಬ ಶಿಕ್ಷಕಿಯೊಬ್ಬರು ಬರುತ್ತಾರೆ. ಹಿಟ್ಲರ್ ಯಹೂದಿಯರ ಮೇಲೆ ನಡೆಸುತ್ತಿರುವ ದಬ್ಬಾಳಿಕೆಯನ್ನು ಅವರು ತರಗತಿಯಲ್ಲಿ ಮನಮುಟ್ಟುವಂತೆ ಖಂಡಿಸುತ್ತಾರೆ. ಅದೇ ಶಿಕ್ಷಕಿ ನ್ಯಾಯಾಲಯದ ಮೆಟ್ಟಿಲಿಳಿಯುವಾಗ, ಕಪ್ಪು ಜನರಿಗೆ ತಕ್ಕ ಪಾಠವಾಯಿತೆಂಬ ಅರ್ಥದಲ್ಲಿ ಮಾತನಾಡಿದ್ದನ್ನು ಸ್ಕೌಟ್ ಕೇಳಿಸಿಕೊಂಡಿದ್ದಾಳೆ. ದೂರದ ದೇಶದ ದಬ್ಬಾಳಿಕೆಯನ್ನು ದ್ವೇಷಿಸುವವರು ನೆರೆಮನೆಯವನ ವಿಷಯದಲ್ಲಿ ಹೀಗಿರಲು ಹೇಗೆ ಸಾಧ್ಯವೆಂದು ಆ ಮಗು ತಬ್ಬಿಬ್ಬಾಗುತ್ತದೆ. ಶಿಕ್ಷಕ ವೃತ್ತಿಯಲ್ಲಿರುವ ನಮ್ಮಂಥವರನ್ನು ಈ ಪ್ರಸಂಗ ವಿಶೇಷವಾಗಿ ಕಾಡಬೇಕು. ಪ್ರವಾದಿ(ಸ)ರ ಸಂಗಾತಿ, ಪರಮ ವಿರಕ್ತರಾದ ಅಬೂದರ್ರ್(ರ)ರವರೇ ಒಮ್ಮೆ ಒಬ್ಬರನ್ನು ಅವರ ತಾಯಿಯ ಹೆಸರೆತ್ತಿ ಹೀಯಾಳಿಸಿದಾಗ, ನಿಮ್ಮಲ್ಲಿ ಇನ್ನೂ ಅಜ್ಞಾನಕಾಲದ ಅಂಶ ಉಳಿದಿದೆ ಎಂದು ಪ್ರವಾದಿ(ಸ)ರು ತಿದ್ದಿದರು. ಮುಂದೆ ಅಬೂದರ್ರ್(ರ) ತಾವು ಧರಿಸಿದಂತಹ ಬಟ್ಟೆಯನ್ನೇ ತಮ್ಮ ಸೇವಕನಿಗೂ ತೊಡಿಸುತ್ತಿದ್ದರು. ಅಂತಹವರಲ್ಲೇ ಆ ಅಂಶ ಉಳಿದಿತ್ತೆಂದರೆ, ನಮ್ಮಲ್ಲಿ ಇಲ್ಲವೆಂದು ನಾವು ಯಾವ ಬಾಯಿಯಿಂದ ಹೇಳುವುದು?

ಹಾಗಾದರೆ ಈ ರೋಗ ಮುಂದಿನ ಪೀಳಿಗೆಗೆ ಹರಡದಂತೆ ತಡೆಯುವುದು ಹೇಗೆ? ಕಾದಂಬರಿಯ ಉತ್ತರ ಮನೆಯಲ್ಲಿದೆ, ತಂದೆಯ ನಡೆಯಲ್ಲಿದೆ. ಆಟಿಕಸ್ ಮಕ್ಕಳಿಗೆ ದೀರ್ಘ ಉಪದೇಶ ನೀಡುವವರಲ್ಲ. ಮತ್ತೊಬ್ಬನ ಜಾಗದಲ್ಲಿ ನಿಂತು ನೋಡದ ಹೊರತು ಆತನನ್ನು ಅರಿಯಲಾಗದೆಂಬ ಒಂದು ಮಾತನ್ನು ಹೇಳುತ್ತಾರೆ, ಬಳಿಕ ಅದರಂತೆ ಬದುಕಿ ತೋರಿಸುತ್ತಾರೆ. ಈ ಮೊಕದ್ದಮೆಯನ್ನು ಏಕೆ ಒಪ್ಪಿಕೊಂಡಿರೆಂದು ಮಗಳು ಕೇಳಿದಾಗ ಅವರು ಕೊಡುವ ಉತ್ತರದ ಸಾರ ಇಷ್ಟೇ: ಒಪ್ಪದಿದ್ದರೆ ಊರಿನಲ್ಲಿ ತಲೆಯೆತ್ತಿ ನಡೆಯಲಾಗದು, ಮಕ್ಕಳಿಗೆ ಇದು ಮಾಡು, ಅದು ಮಾಡಬೇಡ ಎನ್ನುವ ಅಧಿಕಾರವೂ ಉಳಿಯದು. ತಂದೆಯ ಮಾತಿಗೆ ಬೆಲೆ ಬರುವುದು ಆತ ತಂದೆಯೆಂಬ ಕಾರಣಕ್ಕಲ್ಲ, ಆ ಮಾತಿಗಾಗಿ ಆತ ತೆತ್ತ ಬೆಲೆಯಿಂದ ಎಂಬ ತಿಳಿವಳಿಕೆ ಅದರಲ್ಲಿದೆ. ತಂದೆಯನ್ನು ಹೀಯಾಳಿಸಿದ ಮುದುಕಿ ಮಿಸೆಸ್ ಡುಬೋಸ್‌ರ ಹೂಗಿಡಗಳನ್ನು ಜೆಮ್ ಹಾಳುಮಾಡಿದಾಗ, ಆಟಿಕಸ್ ಮಗನ ಪಕ್ಷ ವಹಿಸುವುದಿಲ್ಲ. ಆಕೆಯ ಮನೆಗೆ ಹೋಗಿ ಪುಸ್ತಕ ಓದಿ ಹೇಳುವಂತೆ ಕಳುಹಿಸುತ್ತಾರೆ. ಸಾಯುವ ಮುನ್ನ ಮಾರ್ಫೀನ್ ಚಟದಿಂದ ಬಿಡುಗಡೆ ಹೊಂದಲು ಆ ಮುದುಕಿ ಪಟ್ಟ ಪಾಡಿನಲ್ಲಿ ಧೈರ್ಯವೆಂದರೇನೆಂಬುದನ್ನು ಮಗ ಕಾಣಲೆಂಬುದು ಅವರ ಬಯಕೆ. ನಮ್ಮನ್ನು ನಿಂದಿಸಿದವರಲ್ಲೂ ಗೌರವಿಸಬೇಕಾದ ಗುಣವನ್ನು ಮಕ್ಕಳಿಗೆ ತೋರಿಸಿಕೊಡುವ ತಂದೆಯರು ವಿರಳ.

ಕೊನೆಯ ಭಾಗದಲ್ಲಿ ಇನ್ನೂ ಕಠಿಣವಾದ ಘಳಿಗೆ ಬರುತ್ತದೆ. ಸೇಡಿನಿಂದ ಮಕ್ಕಳ ಮೇಲೆರಗಿದ ಯೂವೆಲ್ ಚೂರಿಗೆ ಬಲಿಯಾಗಿ ಬಿದ್ದಿರುತ್ತಾನೆ. ಆತನನ್ನು ಕೊಂದವನು ಜೆಮ್ ಎಂದೇ ಆಟಿಕಸ್ ತಿಳಿಯುತ್ತಾರೆ. ಆದರೂ ಮಗನಿಗಾಗಿ ಸತ್ಯವನ್ನು ಮುಚ್ಚಿಡಲು ಅವರು ಒಪ್ಪುವುದಿಲ್ಲ. ಊರಿನಲ್ಲಿ ಒಂದು ರೀತಿ, ಮನೆಯಲ್ಲಿ ಇನ್ನೊಂದು ರೀತಿ ಬದುಕಿದರೆ ಮಗನ ಮುಖ ನೋಡುವುದು ಹೇಗೆಂಬುದು ಅವರ ಅಳಲು. ಮಕ್ಕಳನ್ನು ರಕ್ಷಿಸಿದವನು ಮನೆಯಿಂದ ಹೊರಬಾರದ ನೆರೆಯವನಾದ ಬೂ ರ‍್ಯಾಡ್ಲಿ ಎಂದು ತಿಳಿದ ಮೇಲೆ, ಆತನನ್ನು ಜನರ ಬಾಯಿಗೆ ಒಪ್ಪಿಸಬಾರದೆಂಬ ಶೆರೀಫನ ನಿರ್ಧಾರಕ್ಕೆ ಅವರು ಮಣಿಯುತ್ತಾರೆ. ಆ ಮಣಿಯುವಿಕೆ ಸರಿಯೇ ಎಂಬ ಬಗ್ಗೆ ಓದುಗರಲ್ಲಿ ಚರ್ಚೆ ನಡೆಯಬಹುದು, ನಡೆಯಬೇಕು ಕೂಡ. ಆದರೆ ಸ್ವಂತ ಮಗನ ವಿಷಯದಲ್ಲಿ ತಳೆದ ಆ ಮೊದಲ ನಿಲುವಿನಲ್ಲಿ ಸೂರಃ ಅನ್ನಿಸಾದ ಆಜ್ಞೆಯ ನೆರಳು ನಮಗೆ ಕಾಣುತ್ತದೆ.

ಪವಿತ್ರ ಕುರ್‌ಆನ್ ಆದರ್ಶ ತಂದೆಯೊಬ್ಬನ ಉಪದೇಶವನ್ನು ಲುಕ್ಮಾನರ ಹೆಸರಿನಲ್ಲೇ ಇರುವ ಅಧ್ಯಾಯದಲ್ಲಿ ಕಾಪಿಟ್ಟಿದೆ. ಲುಕ್ಮಾನರು ಕಪ್ಪುವರ್ಣದ ಗುಲಾಮರಾಗಿದ್ದರೆಂದು ತಫ್ಸೀರ್ ಗ್ರಂಥಗಳ ಹಲವು ವರದಿಗಳು ತಿಳಿಸುತ್ತವೆ. ಸಮಾಜ ಯಾರನ್ನು ಕೀಳೆಂದು ಕಂಡಿತೋ ಅವರ ಮಾತನ್ನೇ ಅಲ್ಲಾಹನು ಅಂತ್ಯದಿನದವರೆಗಿನ ತಂದೆಯರಿಗೆ ಮಾದರಿಯಾಗಿಸಿದ್ದಾನೆ. ಸಾಸಿವೆಯಷ್ಟು ಸಣ್ಣ ಕರ್ಮವು ಬಂಡೆಯೊಳಗೆ ಅಡಗಿದ್ದರೂ ಅಲ್ಲಾಹನು ಅದನ್ನು ಹೊರತರುವನೆಂದು ಅವರು ಮಗನಿಗೆ ಹೇಳುತ್ತಾರೆ. ಜನರೆದುರು ಗರ್ವದಿಂದ ಕೆನ್ನೆ ತಿರುಗಿಸಬಾರದೆಂದೂ ಹೇಳುತ್ತಾರೆ. ಮೊದಲನೆಯದು ಅಂತಃಸಾಕ್ಷಿಯ ಪಾಠ, ಎರಡನೆಯದು ಪೂರ್ವಗ್ರಹಕ್ಕೆ ಮದ್ದು. ಎಲ್ಲಕ್ಕೂ ಮೊದಲು ಅವರು ಕಲಿಸಿದ್ದು ಏಕದೇವತ್ವವನ್ನು. ಆಟಿಕಸ್‌ರ ಅಂತಃಸಾಕ್ಷಿಗೆ ಬಹುಮತದ ಭಯವಿರಲಿಲ್ಲ ಎಂಬುದು ನಿಜ. ಆದರೆ ಅಂತಃಸಾಕ್ಷಿ ತಾನಾಗಿಯೇ ಎಂದೆಂದಿಗೂ ನೆಟ್ಟಗೆ ನಿಲ್ಲುವುದಿಲ್ಲ. ಅದಕ್ಕೆ ತಕ್ವಾದ ಆಧಾರ ಬೇಕು.

ಇದಕ್ಕೆ ನಿದರ್ಶನ ಹಾರ್ಪರ್ ಲೀ ಅವರ ಬರವಣಿಗೆಯಲ್ಲೇ ಇದೆ. ಈ ಕಾದಂಬರಿಗೂ ಮೊದಲು ಬರೆದು, 2015ರಲ್ಲಿ ಪ್ರಕಟವಾದ ‘ಗೋ ಸೆಟ್ ಎ ವಾಚ್‌ಮನ್’ ಕೃತಿಯಲ್ಲಿ ವೃದ್ಧ ಆಟಿಕಸ್ ವರ್ಣಭೇದದ ಬೆಂಬಲಿಗರ ಸಭೆಯಲ್ಲಿ ಕುಳಿತಿರುವುದನ್ನು ಕಂಡು ಮಗಳು ಕುಸಿಯುತ್ತಾಳೆ. ಅನೇಕ ಓದುಗರೂ ಅದನ್ನು ಓದಿ ನೊಂದರು. ನಮಗೆ ಅದರಲ್ಲಿ ಒಂದು ಹಿತವಚನ ಕಾಣುತ್ತದೆ. ತಂದೆ ಎಷ್ಟೇ ದೊಡ್ಡವರಾದರೂ ಪ್ರಮಾದರಹಿತರಲ್ಲ. ನಮ್ಮ ಪೂರ್ವಜರು ಹೀಗೆಯೇ ನಡೆದಿದ್ದರು ಎಂಬ ವಾದವನ್ನು ಕುರ್‌ಆನ್ ಮತ್ತೆ ಮತ್ತೆ ತಿರಸ್ಕರಿಸಿದೆ. ಪ್ರವಾದಿ ಇಬ್ರಾಹೀಮ್(ಅ)ರು ತಮ್ಮ ತಂದೆಯನ್ನು ಮೃದುವಾಗಿಯೇ ಸಂಬೋಧಿಸಿದರು, ಆದರೆ ಸತ್ಯವನ್ನು ಬಿಟ್ಟುಕೊಡಲಿಲ್ಲ. ಆದ್ದರಿಂದ ಮಗನ ಕೈಯಲ್ಲಿ ನ್ಯಾಯದ ತಕ್ಕಡಿಯನ್ನು ಕೊಡುವ ತಂದೆ, ಒಂದು ದಿನ ಆ ತಕ್ಕಡಿಯಲ್ಲಿ ತನ್ನನ್ನೂ ತೂಗಲು ಸಿದ್ಧನಿರಬೇಕು.

ಈ ಕಾದಂಬರಿಯಲ್ಲಿ ಕಪ್ಪು ಜನರ ಧ್ವನಿ ಸಾಕಷ್ಟು ಕೇಳಿಸುವುದಿಲ್ಲ, ಅವರು ಬಿಳಿಯ ವಕೀಲನ ನೆರವನ್ನು ಕಾದು ಕುಳಿತವರಂತೆ ಕಾಣುತ್ತಾರೆ ಎಂಬ ಟೀಕೆಯಿದೆ. ಅದರಲ್ಲಿ ಹುರುಳಿದೆ. ಆದರೂ ನಮ್ಮ ಮದ್ರಸಗಳಲ್ಲಿ, ಶಾಲೆಗಳಲ್ಲಿ ಹದಿಹರೆಯದವರು ಈ ಕೃತಿಯನ್ನು ಓದಬೇಕೆಂದೇ ನಮ್ಮ ಅಭಿಪ್ರಾಯ. ಓದಿದ ಬಳಿಕ ಟಾಮ್‌ಗಾಗಿ ಮರುಗಿದಿರಾ ಎಂದಷ್ಟೇ ಅವರನ್ನು ಕೇಳಬೇಡಿ. ಆ ಹನ್ನೆರಡು ಮಂದಿಯಲ್ಲಿ ನೀವೊಬ್ಬರಾಗಿದ್ದರೆ, ನಿಮ್ಮ ಅಣ್ಣ, ಮಾವ, ನೆರೆಯವರೆಲ್ಲ ಒಂದೇ ಕಡೆ ಕೈಯೆತ್ತಿದ್ದರೆ, ನೀವೇನು ಮಾಡುತ್ತಿದ್ದಿರಿ ಎಂದು ಕೇಳಿ. ಅವರು ಉತ್ತರಿಸುವ ಮೊದಲು ಮನೆಯ ಹಿರಿಯರು ತಮ್ಮನ್ನು ತಾವೇ ಇದೇ ಪ್ರಶ್ನೆ ಕೇಳಿಕೊಳ್ಳಲಿ.

ನಮ್ಮವರ ವಿರುದ್ಧವಾದರೂ ಸತ್ಯ ನುಡಿಯುವ, ನಮ್ಮವರಲ್ಲದವರ ಪರವಾಗಿಯೂ ನ್ಯಾಯಕ್ಕೆ ನಿಲ್ಲುವ ತೌಫೀಕನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ. ಆಮೀನ್.