ಇ-ಪುಸ್ತಕವೂ ಬಡ ವಿದ್ಯಾರ್ಥಿಯೂ

ವಿದ್ಯಾರ್ಜನೆಗೆ ಗುರುವಿನ ಕೃಪೆಯೊಂದೇ ಸಾಲದು, ಗ್ರಂಥವೂ ಬೇಕು. ಆದುದರಿಂದ ಗ್ರಂಥ ದೊರೆಯುವುದೆಲ್ಲಿ, ಅದರ ಬೆಲೆಯೆಷ್ಟು ಎಂಬ ಪ್ರಶ್ನೆ ವ್ಯಾಪಾರಿಗಳದು ಮಾತ್ರವಲ್ಲ, ವಿದ್ಯಾರ್ಥಿಗಳಾದ ನಮ್ಮದೂ ಅಹುದು.

ನಾನು ಸಿರುಗುಪ್ಪದ ಕಡೆಯವನು. ಕುರುಗೋಡಿನ ಕಡೆಯಿಂದ ಬರುವ ಸಹಪಾಠಿಗಳ ಅನುಭವವೂ ನನ್ನದೇ. ನಮ್ಮ ಊರುಗಳ ಅಂಗಡಿಗಳಲ್ಲಿ ಗೈಡುಗಳಿಗೆ ಬರವಿಲ್ಲ. ಒಳ್ಳೆಯ ವಿಮರ್ಶಾಗ್ರಂಥವೊಂದು ಬೇಕೆಂದರೆ ಬಳ್ಳಾರಿಗೆ ಬರಬೇಕು. ಇಲ್ಲಿಯೂ ಇಲ್ಲದಿದ್ದರೆ ಬೆಂಗಳೂರಿನಿಂದ ತರಿಸಬೇಕು. ಎಷ್ಟೋ ಸಲ "ಪ್ರತಿಗಳು ಮುಗಿದಿವೆ" ಎಂಬುದೇ ಉತ್ತರ. ಇಂತಹ ನಮಗೆ, ಕೈಯಲ್ಲಿರುವ ಮೊಬೈಲಿನಲ್ಲೇ ಓದಬಹುದಾದ ಇ-ಪುಸ್ತಕವು ವರಪ್ರಸಾದವಾಗಬೇಕಿತ್ತು. ಆಗಿದೆಯೇ?

ಕನ್ನಡದ ಮಟ್ಟಿಗೆ ಅರ್ಧ ಮಾತ್ರ ಆಗಿದೆ ಎಂದು ನನ್ನ ಅಭಿಮತ. 2016ರ ಡಿಸೆಂಬರಿನಲ್ಲಿ ಅಮೆಜಾನಿನ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಗಳಿಗೆ ಬಾಗಿಲು ತೆರೆಯಿತು. ಆ ಐದರಲ್ಲಿ ಕನ್ನಡವಿರಲಿಲ್ಲ. ಅನಂತರ ಮೈಲ್ಯಾಂಗ್‌ನಂತಹ ಕನ್ನಡಿಗರದೇ ಪ್ರಯತ್ನಗಳು ಆ ಕೊರತೆಯನ್ನು ತಕ್ಕಮಟ್ಟಿಗೆ ತುಂಬಿದವು. ಆದರೂ ನಮಗೆ ಬೇಕಾದ ಹಳೆಯ ಗ್ರಂಥಗಳಲ್ಲಿ ಬಹುಪಾಲು ಇನ್ನೂ ಇ-ಪುಸ್ತಕಗಳಾಗಿಲ್ಲ.

ಇನ್ನು ಬೆಲೆಯ ಮಾತು. ಕಾಗದವಿಲ್ಲ, ರಟ್ಟಿಲ್ಲ, ಸಾಗಣೆಯಿಲ್ಲ. ಆದರೂ ಕೆಲವು ಇ-ಪುಸ್ತಕಗಳ ಬೆಲೆ ಮುದ್ರಿತ ಪುಸ್ತಕದ ಬೆನ್ನು ಹತ್ತಿ ಬರುವುದೇಕೆ? ಪ್ರಕಾಶಕರ ಪಕ್ಷದಲ್ಲಿಯೂ ನ್ಯಾಯವಿದೆ. ಲೇಖಕನ ಶ್ರಮವು ಕಾಗದದೊಡನೆ ಮಾಯವಾಗುವುದಿಲ್ಲ. ನುಡಿ, ಬರಹಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಜೋಡಿಸಿದ ಪುಸ್ತಕವನ್ನು ಯೂನಿಕೋಡಿಗೆ ತರುವಾಗ ಒತ್ತಕ್ಷರಗಳು ಸ್ಥಾನಪಲ್ಲಟವಾಗುತ್ತವೆ. ಮತ್ತೆ ಕರಡು ತಿದ್ದಬೇಕು. ತೆರಿಗೆಯೂ ಉಂಟು. 2017ರಲ್ಲಿ ಜಿ.ಎಸ್.ಟಿ. ಬಂದಾಗ ಮುದ್ರಿತ ಪುಸ್ತಕಕ್ಕೆ ತೆರಿಗೆಯಿರಲಿಲ್ಲ, ಇ-ಪುಸ್ತಕಕ್ಕೆ ಶೇ. 18 ಬಿದ್ದಿತು. ಮುದ್ರಿತ ರೂಪವೂ ಇರುವ ಇ-ಪುಸ್ತಕಗಳಿಗೆ ಅದು ಶೇ. 5ಕ್ಕೆ ಇಳಿದುದು 2018ರ ಜುಲೈನಲ್ಲಿ. ವಿದ್ಯೆ ಒಂದೇ ಆಗಿರುವಾಗ ಈ ಪಂಕ್ತಿಭೇದವೇಕೆ?

ಆದರೆ ಕೊಳ್ಳುವವನಿಗೆ ದೊರೆಯುವುದೇನು ಎಂಬುದನ್ನೂ ನೋಡಬೇಡವೆ? ಮುದ್ರಿತ ಪುಸ್ತಕವನ್ನು ಓದಿ ತಮ್ಮನಿಗೆ ಕೊಡಬಹುದು, ಕಿರಿಯ ವಿದ್ಯಾರ್ಥಿಗೆ ಅರ್ಧ ಬೆಲೆಗೆ ಮಾರಬಹುದು. ನಮ್ಮಲ್ಲಿ ಒಂದೇ ಪ್ರತಿಯಿಂದ ಮೂರು ತಂಡ ಪರೀಕ್ಷೆ ಬರೆದುದುಂಟು. ಇ-ಪುಸ್ತಕಕ್ಕೆ ಸಾಮಾನ್ಯವಾಗಿ ಆ ಭಾಗ್ಯವಿಲ್ಲ. ನಾವು ಕೊಳ್ಳುವುದು ಓದುವ ಅನುಮತಿಯನ್ನು ಮಾತ್ರ. 2009ರಲ್ಲಿ ಅಮೆಜಾನ್ ಸಂಸ್ಥೆಯು ಹಕ್ಕಿನ ತಕರಾರಿನಿಂದಾಗಿ, ಮಾರಿದ್ದ ಆರ್ವೆಲ್ಲನ ಕಾದಂಬರಿಗಳನ್ನು ಓದುಗರ ಕಿಂಡಲ್‌ಗಳಿಂದಲೇ ಅಳಿಸಿ, ಹಣ ಹಿಂತಿರುಗಿಸಿತು. ಅಂಗಡಿಯವನು ರಾತ್ರಿ ಮನೆಗೆ ಬಂದು ಕಪಾಟಿನ ಪುಸ್ತಕ ಒಯ್ದರೆ ಸುಮ್ಮನಿರುತ್ತೇವೆಯೇ? ಹಕ್ಕು ಕಡಿಮೆಯಾದರೆ ಬೆಲೆಯೂ ಕಡಿಮೆಯಾಗಬೇಕು. ಮುದ್ರಿತ ಬೆಲೆಯ ಅರ್ಧವನ್ನು ಅದು ಮೀರಬಾರದು.

ಹಾಗೆಂದು ವಾಟ್ಸಾಪಿನಲ್ಲಿ ಹರಿದಾಡುವ ಕಳ್ಳ ಪ್ರತಿಗಳನ್ನು ನಾನು ಸಮರ್ಥಿಸಲಾರೆ. ಬಡತನವು ಲೇಖಕನ ಅನ್ನವನ್ನು ಕಸಿಯಲು ಪರವಾನಗಿಯಲ್ಲ. ನ್ಯಾಯವಾದ ದಾರಿಗಳು ಬೇರೆ ಇವೆ. 1926ರಲ್ಲಿ ಇದೇ ಬಳ್ಳಾರಿಯಲ್ಲಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದ ಫ. ಗು. ಹಳಕಟ್ಟಿಯವರು, ತಾಳೆಗರಿಗಳಲ್ಲಿ ಅಡಗಿದ್ದ ವಚನಗಳನ್ನು ಜನರ ಕೈಗಿಡಲು ತಾವೇ ಮುದ್ರಣಾಲಯ ಕಟ್ಟಿದರು. ಅವರು ತೀರಿಕೊಂಡುದು 1964ರಲ್ಲಿ. ಲೇಖಕನ ಮರಣಾನಂತರ ಅರುವತ್ತು ವರ್ಷ ಎಂಬ ನಮ್ಮ ಕಾಯಿದೆಯಂತೆ 2025ರಿಂದ ಅವರ ಕೃತಿಗಳು ಸರ್ವರ ಸ್ವತ್ತು. ಇಂತಹ ಗ್ರಂಥಗಳನ್ನು ಶುದ್ಧ ಪಾಠದೊಡನೆ ಉಚಿತ ಇ-ಪುಸ್ತಕವಾಗಿಸಲು ಯಾರ ಅಪ್ಪಣೆಯೂ ಬೇಡ. ಸಾರ್ವಜನಿಕ ಹಣದಿಂದ ಅಕಾಡೆಮಿಗಳೂ ವಿಶ್ವವಿದ್ಯಾನಿಲಯಗಳೂ ಹೊರತಂದು, ಪ್ರತಿ ಮುಗಿದಿರುವ ಪುಸ್ತಕಗಳೂ ಹೀಗೆಯೇ ದೊರೆಯಲಿ.

ನಮ್ಮ ಪಾಲಿನ ಕೆಲಸವೂ ಇದೆ. ಕರಡು ತಿದ್ದಲು ಕನ್ನಡ ಬಲ್ಲ ವಿದ್ಯಾರ್ಥಿಗಳಿಗಿಂತ ಯೋಗ್ಯರು ಯಾರು? ಅಧ್ಯಾಪಕರು ಮಾರ್ಗದರ್ಶನ ಮಾಡಿದರೆ, ನಮ್ಮ ಕನ್ನಡ ಸಂಘವು ವರ್ಷಕ್ಕೆ ಒಂದಾದರೂ ಗ್ರಂಥವನ್ನು ಸಿದ್ಧಪಡಿಸಬಲ್ಲುದು. ಮುದ್ರಿತ ಪುಸ್ತಕ ಗ್ರಂಥಾಲಯದಲ್ಲಿ ಬಾಳಲಿ. ಇ-ಪುಸ್ತಕವು ಸಿರುಗುಪ್ಪದ ಗದ್ದೆಯ ಬದುವಿಗೂ ತಲುಪಲಿ. ಹಳಕಟ್ಟಿಯವರು ಅಧ್ಯಕ್ಷಪೀಠವೇರಿದ ಊರಿನಲ್ಲಿ ಓದುವ ನಾವು ಅಷ್ಟನ್ನಾದರೂ ಮಾಡೋಣವೆಂದು ಮಿತ್ರರಲ್ಲಿ ನನ್ನ ವಿನಂತಿ.